ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಯಾವ ಪೆಟ್ರೋಲು, ಎಷ್ಟು ಟೈಮಿಂಗ್? ಪದೇ ಪದೇ ಕೇಳುವ ಪ್ರಶ್ನೆಗಳು

ಎಂಜಿ, ಟ್ರಯಂಫ್, ಆಸ್ಟಿನ್-ಹೀಲಿ, ಜಾಗ್ವಾರ್. ಎರಡನೇ ಮಹಾಯುದ್ಧ ಮುಗಿದ ಮೇಲೆ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಈ ಕಾರುಗಳನ್ನು ಇಟ್ಟುಕೊಂಡವರು ಮೊದಲು ಪೆಟ್ರೋಲಿನ ಬಗ್ಗೆ ಕೇಳುತ್ತಾರೆ, ಆಮೇಲೆ ಟೈಮಿಂಗ್, ಅಂದರೆ ಸಿಲಿಂಡರಿನಲ್ಲಿ ಕಿಡಿ ಯಾವಾಗ ಹಾರಬೇಕು ಎಂಬುದರ ಬಗ್ಗೆ. ಇವೆರಡನ್ನೂ ಬೇರೆಬೇರೆ ಮಾಡಿ ನೋಡಲಾಗದು. ಕೈಪಿಡಿಯಲ್ಲಿ ಅಚ್ಚಾಗಿರುವ ಡಿಗ್ರಿ (ಎಂಜಿನ್ ತಿರುಗುವ ಕೋನದಲ್ಲಿ ಟೈಮಿಂಗ್‌ನ ಅಳತೆ) ಅಂದಿನ ಪೆಟ್ರೋಲಿಗೆ ಬರೆದದ್ದು. ಆ ಪೆಟ್ರೋಲು ಈಗ ಬಂಕ್‌ಗಳಲ್ಲಿ ಇಲ್ಲ. ಇಂದು ಟ್ಯಾಂಕಿಗೆ ಬೀಳುವ ಪೆಟ್ರೋಲಿಗೆ ಹೊಂದುವಂತೆ ಟೈಮಿಂಗ್ ಕೂರಿಸಿಕೊಳ್ಳಬೇಕು. ಕೆಳಗಿನ ಉತ್ತರಗಳೆಲ್ಲ ಈ ನೆಲೆಯಲ್ಲೇ ಇವೆ.

ಆಕ್ಟೇನ್ ಹೆಚ್ಚಿದ್ದಷ್ಟೂ ಕಾರಿಗೆ ಪವರ್ ಹೆಚ್ಚು ಬರುತ್ತದೆಯೇ?

ಇಲ್ಲ. ಪೆಟ್ರೋಲಿನಲ್ಲಿ ಎಷ್ಟು ಶಕ್ತಿಯಿದೆ ಎಂಬುದನ್ನು ಆಕ್ಟೇನ್ ಹೇಳುವುದಿಲ್ಲ. ಸಿಲಿಂಡರಿನೊಳಗಿನ ಒತ್ತಡ ಮತ್ತು ಶಾಖಕ್ಕೆ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಐಸೊ-ಆಕ್ಟೇನ್ ಎಂಬ ದ್ರವಕ್ಕೆ 100, ನಾರ್ಮಲ್ ಹೆಪ್ಟೇನ್‌ಗೆ ಸೊನ್ನೆ ಎಂದಿಟ್ಟುಕೊಂಡು ಉಳಿದದ್ದನ್ನು ಅವುಗಳ ಮಿಶ್ರಣಕ್ಕೆ ಹೋಲಿಸಿ ಅಳೆಯುತ್ತಾರೆ.

ನಿಮ್ಮ ಎಂಜಿನ್ 91ರಲ್ಲಿ ನಾಕಿಂಗ್ (ಪೆಟ್ರೋಲು ತಾನಾಗಿ ಸಿಡಿದು ಬರುವ ಸದ್ದು) ಇಲ್ಲದೆ, ಸರಿಯಾದ ಟೈಮಿಂಗ್‌ನಲ್ಲಿ ಓಡುತ್ತಿದ್ದರೆ 100 ಆಕ್ಟೇನಿನ ಪೆಟ್ರೋಲು ಹಾಕಿಸಿದ ಹಣ ದಂಡ. ನಾಕಿಂಗ್ ತಪ್ಪಿಸಲೆಂದೇ ಟೈಮಿಂಗ್ ಹಿಂದೆ ಹಾಕಿಟ್ಟಿದ್ದರೆ, ಅಂದರೆ ಕಿಡಿ ತಡವಾಗಿ ಹಾರುವಂತೆ ಮಾಡಿದ್ದರೆ ಮಾತ್ರ ಲೆಕ್ಕ ಬೇರೆ. ಆಗ ಒಳ್ಳೆಯ ಆಕ್ಟೇನ್ ಹಾಕಿ ಟೈಮಿಂಗನ್ನು ಮತ್ತೆ ಮುಂದೆ ತಂದರೆ ಕಳೆದುಹೋದ ಪಿಕಪ್ ವಾಪಸ್ ಬರುತ್ತದೆ. ಹೊಸ ಕಾರುಗಳಲ್ಲಿ ನಾಕ್ ಸೆನ್ಸರ್ ಈ ಕೆಲಸವನ್ನು ತಾನೇ ಮಾಡುತ್ತದೆ. ನಮ್ಮ ಕಾರುಗಳಲ್ಲಿ ಅದನ್ನು ನಾವೇ ಮಾಡಬೇಕು.

ನನ್ನ ಎಂಜಿನ್‌ಗೆ ಎಷ್ಟು ಆಕ್ಟೇನ್ ಬೇಕೆಂದು ತಿಳಿಯುವುದು ಹೇಗೆ?

ಮೊದಲು ಕಂಪ್ರೆಶನ್ ರೇಶಿಯೊ, ಅಂದರೆ ಸಿಲಿಂಡರಿನ ಗಾಳಿ-ಪೆಟ್ರೋಲನ್ನು ಪಿಸ್ಟನ್ ಎಷ್ಟು ಪಟ್ಟು ಅದುಮುತ್ತದೆ ಎಂಬುದನ್ನು ತಿಳಿದುಕೊಳ್ಳಿ. ಯುದ್ಧ ಮುಗಿದೊಡನೆ ಬಂದ ಎಂಜಿ ಟಿ ಸರಣಿಯ 1250 ಸಿಸಿ ಎಂಜಿನ್‌ನಲ್ಲಿ ಅದು ಸುಮಾರು 7.25. ಟ್ರಯಂಫ್ ಟಿಆರ್2ರಲ್ಲಿ 8.5, ಟಿಆರ್4ರಲ್ಲಿ 9, ಆಸ್ಟಿನ್-ಹೀಲಿ 3000ದಲ್ಲಿ ಸುಮಾರು 9. ಪೆಟ್ರೋಲ್ ಇಂಜೆಕ್ಷನ್ ಇದ್ದ ಟಿಆರ್5ರಲ್ಲಿ 9.5. ಎಂಜಿಬಿಯ 1798 ಸಿಸಿ ಎಂಜಿನ್ 8.8ರಲ್ಲೂ ಬಂತು, 8ರಲ್ಲೂ ಬಂತು. ಬ್ಲಾಕಿಗೆ ರಿವೆಟ್ ಹೊಡೆದ ತಗಡಿನ ಮೇಲೆ ಎಂಜಿನ್ ನಂಬರಿನ ಜೊತೆ 'ಎಚ್' ಅಕ್ಷರ ಇದ್ದರೆ ಹೈ ಕಂಪ್ರೆಶನ್, 'ಎಲ್' ಇದ್ದರೆ ಲೋ. ಜಾಗ್ವಾರ್ ಎಕ್ಸ್‌ಕೆ ಎಂಜಿನ್‌ಗಳಲ್ಲಿ ಇನ್ನೂ ಸುಲಭ. ನಂಬರಿನ ಕೊನೆಗೆ ಒಂದು ಅಡ್ಡಗೆರೆ ಎಳೆದು 7, 8 ಅಥವಾ 9 ಎಂದು ಹೊಡೆದಿರುತ್ತಾರೆ, ಅದೇ ರೇಶಿಯೊ.

ಆದರೆ ಇದು ಕಾರ್ಖಾನೆಯಿಂದ ಹೊರಬಿದ್ದ ದಿನದ ಲೆಕ್ಕ. ಐವತ್ತು ಅರವತ್ತು ವರ್ಷದಲ್ಲಿ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಎಷ್ಟು ಸಲ ಇಳಿದು ಲೇತ್ ಅಂಗಡಿಗೆ ಹೋಗಿ ಬಂದಿದೆಯೋ ಯಾರಿಗೆ ಗೊತ್ತು? ಎಂಜಿಬಿಯ ಒಂದು ಸಿಲಿಂಡರ್ 449.5 ಸಿಸಿ. ರೇಶಿಯೊ 8.8 ಇರಬೇಕಾದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 57.6 ಸಿಸಿ. ಹೆಡ್ ಉಜ್ಜಿ ಉಜ್ಜಿ ಅದರಲ್ಲಿ ಬರೀ 4 ಸಿಸಿ ಕಡಿಮೆಯಾದರೂ ರೇಶಿಯೊ 9.4ಕ್ಕೆ ಹತ್ತುತ್ತದೆ. ಮುಂದಿನ ಸಲ ಹೆಡ್ ಇಳಿಸಿದಾಗ ಚೇಂಬರಿಗೆ ಸಿರಿಂಜಿನಿಂದ ಎಣ್ಣೆ ತುಂಬಿ ಅಳೆದು ಬರೆದಿಟ್ಟುಕೊಳ್ಳಿ. ಜೊತೆಗೆ ಗ್ಯಾಸ್ಕೆಟ್‌ನ ದಪ್ಪ, ಪಿಸ್ಟನ್ ತಲೆಯ ತಗ್ಗು, ಬ್ಲಾಕಿನ ಅಂಚಿನಿಂದ ಪಿಸ್ಟನ್ ಎಷ್ಟು ಕೆಳಗೆ ನಿಲ್ಲುತ್ತದೆ ಎಂಬುದೂ ಲೆಕ್ಕಕ್ಕೆ ಸೇರಬೇಕು.

ಎರಕದ ಕಬ್ಬಿಣದ ಹೆಡ್ ಇರುವ ಎಂಜಿನ್‌ಗಳಿಗೆ ನಾನು ಹೇಳುವ ಅಂದಾಜು ಹೀಗಿದೆ: 7.5ರ ಒಳಗಿದ್ದರೆ 91 ಧಾರಾಳವಾಯಿತು. 8ರಿಂದ 8.5ರವರೆಗೆ 95. ಅದಕ್ಕಿಂತ ಮೇಲಿದ್ದರೆ 97ರಿಂದ 100.

ಕೈಪಿಡಿಯಲ್ಲಿ 'ಫೋರ್ ಸ್ಟಾರ್' ಹಾಕಿ ಎಂದಿದೆ. ಅದು ಯಾವುದು?

ಬ್ರಿಟನ್ನಿನಲ್ಲಿ 1960ರ ದಶಕದ ಕೊನೆಯಲ್ಲಿ ಪೆಟ್ರೋಲಿಗೆ ನಕ್ಷತ್ರ ಕೊಡುವ ಪದ್ಧತಿ ಬಂತು. ಎರಡು ನಕ್ಷತ್ರಕ್ಕೆ 90, ನಾಲ್ಕಕ್ಕೆ 97, ಐದಕ್ಕೆ 100 ಆಕ್ಟೇನ್. ಇವೆಲ್ಲ ಸೀಸ ಬೆರೆತ ಪೆಟ್ರೋಲುಗಳು.

ಅದಕ್ಕೂ ಹಿಂದಿನ ಕಾರುಗಳ ಕಥೆ ಬೇರೆ. ಯುದ್ಧಕಾಲದಲ್ಲಿ ಶುರುವಾಗಿ 1953ರವರೆಗೆ ಅಲ್ಲಿನ ಜನಕ್ಕೆ ಸಿಕ್ಕಿದ್ದು ಬ್ರ್ಯಾಂಡ್ ಹೆಸರಿಲ್ಲದ 'ಪೂಲ್' ಪೆಟ್ರೋಲು. ಅದರ ಆಕ್ಟೇನ್ 70ರ ಆಸುಪಾಸು. 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಎಲ್ಲರ ಬಾಯಿ ಕಟ್ಟಿಸಿದ ಜಾಗ್ವಾರ್ ಎಕ್ಸ್‌ಕೆ120ಕ್ಕೆ 7 ರೇಶಿಯೊದ ಪಿಸ್ಟನ್‌ಗಳೂ ಇದ್ದದ್ದು ಇದೇ ಕಾರಣಕ್ಕೆ. ಅಂಥ ಎಂಜಿನ್‌ಗೆ ಇಂದಿನ ಅತಿ ಸಾಧಾರಣ ಪೆಟ್ರೋಲೂ ಬೇಕಾದ್ದಕ್ಕಿಂತ ಒಳ್ಳೆಯದೇ. ಅಂದಿನ ಕೈಪಿಡಿಯ ಟೈಮಿಂಗ್‌ನಿಂದ ಒಂದೆರಡು ಡಿಗ್ರಿ ಮುಂದೆ ಇಟ್ಟರೂ ತಡೆದುಕೊಳ್ಳುತ್ತದೆ, ಕಾರಿನ ಓಟವೂ ಹುರುಪಾಗುತ್ತದೆ.

ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಇರುವ ಕನ್ನಡಿಗರು ಬಂಕ್‌ನ ನಂಬರನ್ನು ಹೇಗೆ ಓದಬೇಕು?

ಭಾರತ ಮತ್ತು ಬ್ರಿಟನ್ನಿನ ಬಂಕ್‌ಗಳಲ್ಲಿ ಬರೆಯುವುದು ಆರ್‌ಓಎನ್ (ರಿಸರ್ಚ್ ಆಕ್ಟೇನ್ ನಂಬರ್) ಎಂಬ ಅಳತೆ. ಅಮೆರಿಕದಲ್ಲಿ ಆರ್‌ಓಎನ್ ಮತ್ತು ಎಂಓಎನ್ (ಮೋಟಾರ್ ಆಕ್ಟೇನ್ ನಂಬರ್) ಎಂಬ ಎರಡು ಅಳತೆಗಳ ಸರಾಸರಿ ಬರೆಯುತ್ತಾರೆ. ಹೀಗಾಗಿ ಅಲ್ಲಿನ ನಂಬರು ನಾಲ್ಕೈದು ಕಡಿಮೆ ಕಾಣುತ್ತದೆ. ಅಲ್ಲಿನ 91 ನಮ್ಮ 95ರ ಹತ್ತಿರ, ಅಲ್ಲಿನ 93 ನಮ್ಮ 98ರ ಹತ್ತಿರ. ಕೈಪಿಡಿಯಲ್ಲಿ 97 ಎಂದಿದ್ದರೆ ಅಮೆರಿಕದಲ್ಲಿ 97 ಹುಡುಕುತ್ತಾ ಅಲೆಯಬೇಡಿ.

ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಸಾಮಾನ್ಯ 95 ಪೆಟ್ರೋಲು ಇ10, ಅಂದರೆ ಶೇ 10ರವರೆಗೆ ಎಥನಾಲ್ ಇರುವುದು. 97 ಮತ್ತು ಮೇಲಿನ ಸೂಪರ್ ಪೆಟ್ರೋಲು ಇ5. ಹಳೆಯ ಕಾರಿಗೆ ಕಣ್ಣುಮುಚ್ಚಿ ಈ ಸೂಪರ್ ಹಾಕಿಸಿ. ಆಕ್ಟೇನಿಗಿಂತ ಎಥನಾಲ್ ಕಡಿಮೆ ಇದೆ ಎಂಬುದೇ ಮುಖ್ಯ ಕಾರಣ.

ಸೀಸ ಇಲ್ಲದ ಪೆಟ್ರೋಲಿನಿಂದ ಎಂಜಿನ್ ಹಾಳಾಗುವುದಿಲ್ಲವೇ?

ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿ ಥಾಮಸ್ ಮಿಡ್ಗ್ಲಿ 1921ರಲ್ಲಿ ಟೆಟ್ರಾಈಥೈಲ್ ಸೀಸ ನಾಕಿಂಗ್ ತಡೆಯುತ್ತದೆಂದು ಕಂಡುಕೊಂಡ. ಅಗ್ಗವಾಗಿ ಆಕ್ಟೇನ್ ಏರಿಸುವ ದಾರಿ ಅದಾಯಿತು. ಜನರ, ಅದರಲ್ಲೂ ಮಕ್ಕಳ ಆರೋಗ್ಯಕ್ಕೆ ಅದು ಮಾಡಿದ ಹಾನಿ ದೊಡ್ಡದು. ಅದು ಹೋದದ್ದೇ ಒಳ್ಳೆಯದಾಯಿತು. ಭಾರತದಲ್ಲೂ ಬ್ರಿಟನ್ನಿನಲ್ಲೂ 2000ದ ಆರಂಭಕ್ಕೆ ಸೀಸದ ಪೆಟ್ರೋಲಿನ ಮಾರಾಟ ನಿಂತಿತು.

ಸೀಸ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಎಕ್ಸಾಸ್ಟ್ ವಾಲ್ವ್ ಮತ್ತು ಅದರ ಸೀಟಿನ ನಡುವೆ ತೆಳುವಾದ ಪದರ ಕೂತು ಎರಡೂ ಒಂದಕ್ಕೊಂದು ಅಂಟಿ ಕಿತ್ತುಬರದಂತೆ ತಡೆಯುತ್ತಿತ್ತು. ಎಂಜಿಬಿ, ಹೀಲಿ, ಟಿಆರ್‌ಗಳ ಎರಕದ ಕಬ್ಬಿಣದ ಹೆಡ್‌ಗಳಲ್ಲಿ ಸೀಟನ್ನು ಹೆಡ್‌ನಲ್ಲೇ ಕೊರೆದಿರುತ್ತಾರೆ. ಹೈವೇಯಲ್ಲಿ ಗಂಟೆಗಟ್ಟಲೆ ವೇಗವಾಗಿ ಓಡಿಸಿದರೆ ಆ ಸೀಟು ಸವೆದು ವಾಲ್ವ್ ಒಳಕ್ಕೆ ಇಳಿಯುತ್ತದೆ. ಕಂಡುಹಿಡಿಯುವುದು ಸುಲಭ: ಎಕ್ಸಾಸ್ಟ್ ವಾಲ್ವಿನ ಟ್ಯಾಪೆಟ್ ಗ್ಯಾಪ್ ಪ್ರತಿ ಸಲ ನೋಡಿದಾಗಲೂ ಕಡಿಮೆಯಾಗಿರುತ್ತದೆ. ಗ್ಯಾಪ್ ನಿಂತಲ್ಲೇ ನಿಂತಿದ್ದರೆ ಚಿಂತೆ ಬೇಡ. ಇಳಿಯುತ್ತಿದ್ದರೆ ಹೆಡ್ ಬಿಚ್ಚಿ ಗಟ್ಟಿ ಲೋಹದ ಸೀಟು ಕೂರಿಸಿ, ಜನ್ಮಕ್ಕೆ ಒಂದು ಸಲದ ಕೆಲಸ. ಜಾಗ್ವಾರ್ ಎಕ್ಸ್‌ಕೆ, ಲೋಟಸ್ ಟ್ವಿನ್ ಕ್ಯಾಮ್‌ನಂಥ ಅಲ್ಯೂಮಿನಿಯಂ ಹೆಡ್‌ಗಳಲ್ಲಿ ಮೊದಲಿನಿಂದಲೂ ಬೇರೆ ಲೋಹದ ಸೀಟು ಇರುತ್ತದೆ, ಅವಕ್ಕೆ ಈ ಕಾಟ ಕಡಿಮೆ.

ಭಾರತದಲ್ಲಿ ಈಗ ಎಲ್ಲೆಡೆ ಇ20. ಇದನ್ನು ಹಾಕಬಹುದೇ?

ಆಕ್ಟೇನ್ ವಿಷಯದಲ್ಲಿ ಇ20 ಕೆಟ್ಟದ್ದಲ್ಲ. ಎಥನಾಲಿನ ಸ್ವಂತ ಆಕ್ಟೇನ್ 108ರ ಆಸುಪಾಸು. ಶೇ 20 ಬೆರೆತ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ 95 ಎಂದು ಸರ್ಕಾರವೇ ಹೇಳಿದೆ. ಮೊದಲಿದ್ದ 91ಕ್ಕಿಂತ ಇದು ಮೇಲು. ತೊಂದರೆ ಇರುವುದು ಬೇರೆ ಎರಡು ಕಡೆ.

ಮೊದಲನೆಯದು ಮಿಕ್ಸ್‌ಚರ್. ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ಒಂದು ಕಿಲೋಗೆ 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಸಾಕು. ಇ20ಕ್ಕೆ ಸುಮಾರು 13.5. ಈ ಕಾರುಗಳ ಎಸ್‌ಯು ಕಂಪನಿಯ ಕಾರ್ಬುರೇಟರಿಗೆ (ಗಾಳಿಗೆ ಪೆಟ್ರೋಲು ಬೆರೆಸುವ ಭಾಗ) ಇದೇನೂ ತಿಳಿಯದು. ಅದು ಮೊದಲಿನಷ್ಟೇ ಪೆಟ್ರೋಲು ಬಿಡುತ್ತದೆ, ಮಿಕ್ಸ್‌ಚರ್ ಶೇ 8ರಷ್ಟು ಲೀನ್ (ಬೇಕಾದ್ದಕ್ಕಿಂತ ಪೆಟ್ರೋಲು ಕಡಿಮೆ) ಆಗುತ್ತದೆ. ಲೀನ್ ಆದ ಎಂಜಿನ್ ಬಿಸಿಯಾಗುತ್ತದೆ, ಹೊರೆ ಬಿದ್ದಾಗ ನಾಕಿಂಗ್ ಕೊಡುತ್ತದೆ. ಆಗ ಎಷ್ಟೋ ಜನ ಟೈಮಿಂಗ್ ಹಿಂದೆ ಹಾಕಿ ಕೂರುತ್ತಾರೆ. ಮಾಡಬೇಕಾದದ್ದು ಪೆಟ್ರೋಲು ಬಿಡುವ ಜೆಟ್ಟಿನ ನಟ್ಟನ್ನು ಒಂದೆರಡು ಮುಖದಷ್ಟು ಕೆಳಕ್ಕೆ ತಿರುಗಿಸಿ ರಿಚ್ (ಪೆಟ್ರೋಲು ಹೆಚ್ಚು) ಮಾಡುವುದು. ಅಷ್ಟರಿಂದ ಐಡಲಿಂಗ್ ಸರಿಯಾಗಿ, ವೇಗದಲ್ಲಿ ಇನ್ನೂ ಲೀನ್ ಇದ್ದರೆ ಒಂದು ಹೆಜ್ಜೆ ರಿಚ್ ಇರುವ ನೀಡಲ್ ಹಾಕಬೇಕು.

ಎರಡನೆಯದು ರಬ್ಬರು, ಕಾರ್ಕು. ಹಳೆಯ ಪೆಟ್ರೋಲ್ ಪೈಪು, ಜೆಟ್ಟಿನ ಕಾರ್ಕ್ ಸೀಲು, ಪಂಪಿನ ಡಯಾಫ್ರಂ, ಫೈಬರ್‌ಗ್ಲಾಸ್ ಟ್ಯಾಂಕು ಇವೆಲ್ಲ ಎಥನಾಲಿಗೆ ಹುಟ್ಟಿದವಲ್ಲ. ಪೈಪ್ ಬದಲಿಸುವಾಗ ಎಥನಾಲ್ ತಡೆಯುವಂಥದ್ದು, ಆರ್9 ಎಂದು ಮೇಲೆ ಅಚ್ಚು ಇರುವುದನ್ನೇ ಕೇಳಿ ತನ್ನಿ. ಎಕ್ಸಾಸ್ಟ್ ಮೇಲೆ ಪೆಟ್ರೋಲು ತೊಟ್ಟಿಕ್ಕಿ ಸುಟ್ಟುಹೋದ ಕಾರುಗಳಿವೆ, ಇದರಲ್ಲಿ ಉಳಿತಾಯ ನೋಡಬೇಡಿ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಮಳೆಗಾಲ ಪೂರ್ತಿ ನಿಂತ ಕಾರಿನ ಟ್ಯಾಂಕ್ ತಳದಲ್ಲಿ ನೀರು ಮತ್ತು ಎಥನಾಲ್ ಸೇರಿ ಬೇರ್ಪಟ್ಟು ಕೂರುತ್ತದೆ. ಮೇಲೆ ಉಳಿದ ಪೆಟ್ರೋಲಿನ ಆಕ್ಟೇನ್ ಅಷ್ಟರಮಟ್ಟಿಗೆ ಇಳಿಯುತ್ತದೆ.

ಬಂಕ್‌ನಲ್ಲಿ 95 ಎಂಬ ಪ್ರೀಮಿಯಂ ಬೋರ್ಡು ಕಂಡರೆ ಅದರಲ್ಲಿ ಎಥನಾಲ್ ಇಲ್ಲವೆಂದು ಅಂದುಕೊಳ್ಳಬೇಡಿ. ದೊಡ್ಡ ಊರುಗಳ ಕೆಲವು ಬಂಕ್‌ಗಳಲ್ಲಿ 2020ರ ಕೊನೆಯಿಂದ 100 ಆಕ್ಟೇನಿನದೂ ಸಿಗುತ್ತಿದೆ. ಎಥನಾಲ್ ಎಷ್ಟಿದೆ ಎಂದು ಅಲ್ಲೇ ಕೇಳಿ ಖಚಿತ ಮಾಡಿಕೊಂಡು ಹಾಕಿಸಿ.

ಬೆಂಗಳೂರಿನಲ್ಲಿ ಸರಿಯಿದ್ದ ಕಾರು ಮಂಗಳೂರಿಗೆ ಇಳಿದ ಮೇಲೆ ನಾಕಿಂಗ್ ಕೊಡುತ್ತಿದೆ. ಪೆಟ್ರೋಲು ಕಲಬೆರಕೆಯೇ?

ಇರಲಾರದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಗಾಳಿಯ ಒತ್ತಡ ಕರಾವಳಿಗಿಂತ ಶೇ 10ರಷ್ಟು ಕಡಿಮೆ. ಸಿಲಿಂಡರಿಗೆ ಕಡಿಮೆ ಗಾಳಿ ಬೀಳುವುದರಿಂದ ಒಳಗಿನ ಒತ್ತಡವೂ ಕಡಿಮೆ, ಆಕ್ಟೇನಿನ ಹಸಿವೂ ಕಡಿಮೆ. ಅದೂ ಅಲ್ಲದೆ ತೆಳು ಗಾಳಿಯಲ್ಲಿ ಕಾರ್ಬುರೇಟರ್ ತುಸು ರಿಚ್ ಆಗುವುದರಿಂದ ಇ20ರ ಲೀನ್‌ತನ ಅರ್ಧಕ್ಕರ್ಧ ಅಲ್ಲೇ ಮುಚ್ಚಿಹೋಗುತ್ತದೆ. ಘಾಟಿ ಇಳಿದೊಡನೆ ಎರಡು ಅನುಕೂಲಗಳೂ ಇಲ್ಲ. ಕರಾವಳಿಯಲ್ಲೇ ಹೆಚ್ಚು ಓಡಿಸುವವರು ಅಲ್ಲಿಯೇ ಟ್ಯೂನ್ ಮಾಡಿಸಿ. ಅಪರೂಪಕ್ಕೆ ಇಳಿಯುವವರು ಲ್ಯೂಕಸ್ ಕಂಪನಿಯ ಡಿಸ್ಟ್ರಿಬ್ಯೂಟರಿನ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಪಕ್ಕದಲ್ಲಿರುವ, ಅಂಚಿಗೆ ಗೀರು ಹೊಡೆದ ತಿರುಪನ್ನು 'ಆರ್' ಕಡೆಗೆ ಸ್ವಲ್ಪ ತಿರುಗಿಸಿದರೆ ಸಾಕು. 'ಎ' ಎಂದರೆ ಅಡ್ವಾನ್ಸ್, 'ಆರ್' ಎಂದರೆ ರಿಟಾರ್ಡ್. ಬೇರೆಬೇರೆ ಪೆಟ್ರೋಲಿಗೆ ಹೊಂದಿಸಿಕೊಳ್ಳಲೆಂದೇ ಆ ತಿರುಪನ್ನು ಕೊಟ್ಟಿದ್ದಾರೆ.

ಪೆಟ್ರೋಲು ಒಂದೇ ಆದರೂ ಟೈಮಿಂಗ್ ಹಿಂದೆ ಮುಂದೆ ಆದರೆ ಏನಾಗುತ್ತದೆ?

ಕಿಡಿ ಹಾರಿದೊಡನೆ ಪೆಟ್ರೋಲೆಲ್ಲ ಒಮ್ಮೆಗೇ ಉರಿಯುವುದಿಲ್ಲ. ಬೆಂಕಿ ಚೇಂಬರಿನ ಈ ತುದಿಯಿಂದ ಆ ತುದಿಗೆ ಹರಡಲು ಹೊತ್ತು ಬೇಕು. ಪಿಸ್ಟನ್ ಟಿಡಿಸಿ (ಅದು ಏರುವ ತೀರ ಮೇಲಿನ ತುದಿ) ದಾಟಿ ಸುಮಾರು 15 ಡಿಗ್ರಿ ಇಳಿದಾಗ ಒತ್ತಡ ತುದಿ ಮುಟ್ಟಿದರೆ ಕ್ರ್ಯಾಂಕಿಗೆ ಪೂರ್ತಿ ಬಲ ಸಿಗುತ್ತದೆ. ಅದಕ್ಕಾಗಿ ಕಿಡಿಯನ್ನು ಟಿಡಿಸಿಗೂ ಮೊದಲೇ ಹಾರಿಸುತ್ತೇವೆ. ತೀರ ಬೇಗ ಹಾರಿದರೆ ಇನ್ನೂ ಮೇಲೇರುತ್ತಿರುವ ಪಿಸ್ಟನ್ ಮೇಲೆ ಒತ್ತಡ ಬೀಳುತ್ತದೆ, ಮೂಲೆಯಲ್ಲಿ ಉಳಿದ ಪೆಟ್ರೋಲು ತಾನೇ ಸಿಡಿಯುತ್ತದೆ. ನಾಕಿಂಗ್ ಎಂದರೆ ಇದೇ. ಪಿಸ್ಟನ್‌ನಲ್ಲಿ ರಿಂಗ್ ಕೂರುವ ಅಂಚು ಮುರಿಯುವುದು, ಗ್ಯಾಸ್ಕೆಟ್ ಹೋಗುವುದು, ಪಿಸ್ಟನ್ ತೂತಾಗುವುದು ಇದರ ಮುಂದಿನ ಹಂತ.

ಹಾಗಾದರೆ ಸ್ವಲ್ಪ ರಿಟಾರ್ಡ್ ಮಾಡಿಟ್ಟರೆ ಸೇಫ್ ಅಲ್ಲವೇ?

ನಮ್ಮಲ್ಲಿ ತುಂಬ ಜನ ನಂಬಿರುವ ಮಾತಿದು, ನಾನು ಒಪ್ಪುವುದಿಲ್ಲ. ತಡವಾಗಿ ಹೊತ್ತಿದ ಪೆಟ್ರೋಲು ಎಕ್ಸಾಸ್ಟ್ ವಾಲ್ವ್ ತೆರೆದಾಗಲೂ ಉರಿಯುತ್ತಿರುತ್ತದೆ. ಆ ಶಾಖವನ್ನು ವಾಲ್ವು, ಮ್ಯಾನಿಫೋಲ್ಡು, ರೇಡಿಯೇಟರು ಹೊರಬೇಕು. ಪಿಕಪ್ ಇಲ್ಲ, ಮೈಲೇಜ್ ಇಲ್ಲ, ಟ್ರಾಫಿಕ್‌ನಲ್ಲಿ ಟೆಂಪರೇಚರ್ ಮುಳ್ಳು ಏರುತ್ತದೆ. ರೇಡಿಯೇಟರಿಗೆ ದುಡ್ಡು ಸುರಿಯುವ ಮೊದಲು ಟೈಮಿಂಗ್ ನೋಡಿಸಿ.

ಟೈಮಿಂಗ್ ಲೈಟ್ ಇಲ್ಲದೆ ನಾನೇ ಟೈಮಿಂಗ್ ಕೊಡಬಹುದೇ?

ಖಂಡಿತ. ಒಂದು 12 ವೋಲ್ಟ್ ಬಲ್ಬು, ಎರಡು ವೈರು, ಫೀಲರ್ ಗೇಜು ಇದ್ದರೆ ಆಯಿತು. ಆರಂಭದ ಹೈ ಕಂಪ್ರೆಶನ್ ಎಂಜಿಬಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದಕ್ಕೆ ನಿಂತ ಎಂಜಿನ್‌ನಲ್ಲಿ ಟಿಡಿಸಿಗೆ 10 ಡಿಗ್ರಿ ಮೊದಲು ಎಂದು ಕೈಪಿಡಿ ಹೇಳುತ್ತದೆ.

ಮೊದಲ ಕೆಲಸ ಸಿಬಿ ಪಾಯಿಂಟ್ (ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚಿ ಕಿಡಿ ಹಾರಿಸುವ ಸ್ವಿಚ್ಚು) ಗ್ಯಾಪ್, 0.35ರಿಂದ 0.40 ಮಿ.ಮೀ. ಈ ಕ್ರಮ ತಪ್ಪಬಾರದು. ಗ್ಯಾಪ್ ಹೆಚ್ಚಿಸಿದರೆ ಪಾಯಿಂಟ್ ಬೇಗ ತೆರೆಯುತ್ತದೆ, ಟೈಮಿಂಗ್ ತಾನೇ ಮುಂದೆ ಹೋಗುತ್ತದೆ. ಟೈಮಿಂಗ್ ಮುಗಿಸಿ ಆಮೇಲೆ ಗ್ಯಾಪ್ ಮುಟ್ಟಿದರೆ ಮಾಡಿದ್ದೆಲ್ಲ ನೀರುಪಾಲು.

ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಟಾಪ್ ಗೇರ್ ಹಾಕಿ, ಕಾರನ್ನು ನಿಧಾನ ಮುಂದಕ್ಕೆ ತಳ್ಳಿ. ಒಂದನೇ ಸಿಲಿಂಡರಿನ ಪ್ಲಗ್ ತೂತಿಗೆ ಬೆರಳು ಒತ್ತಿ ಹಿಡಿದವರಿಗೆ ಗಾಳಿ ತಳ್ಳುವುದು ಗೊತ್ತಾದಾಗ ಕಂಪ್ರೆಶನ್ ಸ್ಟ್ರೋಕ್ ಬಂತೆಂದು ಅರ್ಥ. ಆಗ ಪುಲ್ಲಿಯ ಗೀಟು 10 ಡಿಗ್ರಿಯ ಮುಳ್ಳಿಗೆ ಬರುವಂತೆ ನಿಲ್ಲಿಸಿ. ಗುರುತು ದಾಟಿಹೋದರೆ ಹಿಂದಕ್ಕೆ ತಳ್ಳಿ ಸರಿಮಾಡಬೇಡಿ, ಟೈಮಿಂಗ್ ಚೈನಿನ ಸಡಿಲ ಲೆಕ್ಕ ತಪ್ಪಿಸುತ್ತದೆ. ಚೆನ್ನಾಗಿ ಹಿಂದೆ ಹೋಗಿ ಮತ್ತೆ ಮುಂದೆ ಬನ್ನಿ.

ಬಲ್ಬಿನ ಒಂದು ವೈರು ಡಿಸ್ಟ್ರಿಬ್ಯೂಟರಿಗೆ ಕಾಯಿಲಿನಿಂದ ಬರುವ ಸಣ್ಣ ವೈರಿನ ಟರ್ಮಿನಲ್‌ಗೆ, ಇನ್ನೊಂದು ಬಾಡಿಗೆ. ಇಗ್ನಿಷನ್ ಆನ್ ಮಾಡಿ. ಕ್ಲ್ಯಾಂಪ್ ಸಡಿಲಿಸಿ ಡಿಸ್ಟ್ರಿಬ್ಯೂಟರನ್ನು ರೋಟರ್ ತಿರುಗುವ ದಿಕ್ಕಿಗೇ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿದರೆ ಪಾಯಿಂಟ್ ಮುಚ್ಚಿ ಬಲ್ಬ್ ಆರುತ್ತದೆ. ಈಗ ಎದುರು ದಿಕ್ಕಿಗೆ ಕೂದಲೆಳೆಯಷ್ಟೇ ತಿರುಗಿಸುತ್ತಾ ಬನ್ನಿ. ಬಲ್ಬ್ ಹೊತ್ತಿದ ಕ್ಷಣದಲ್ಲಿ ಕೈ ನಿಲ್ಲಿಸಿ ಕ್ಲ್ಯಾಂಪ್ ಬಿಗಿ ಮಾಡಿ. ಬಿಗಿ ಮಾಡುವಾಗ ಅಲುಗಿತೇ ಎಂದು ಕಾರನ್ನು ಇನ್ನೊಂದು ಸುತ್ತು ತಳ್ಳಿ ನೋಡಿ.

ಟ್ರಯಂಫ್ ಟಿಆರ್2, 3, 4ಕ್ಕೆ ಇದೇ ಅಳತೆ 4 ಡಿಗ್ರಿ, ಎಂಜಿ ಟಿ ಸರಣಿಗೆ ನೇರ ಟಿಡಿಸಿ, 9 ರೇಶಿಯೊದ 3.8 ಜಾಗ್ವಾರ್ ಇ-ಟೈಪ್‌ಗೆ 10 ಡಿಗ್ರಿ.

ಲೈಟ್ ಹಿಡಿದು ನೋಡಿದರೆ ಐಡಲಿಂಗ್‌ನಲ್ಲಿ ಸರಿಯಿದೆ, ಓಡುವಾಗ ನಾಕಿಂಗ್. ಯಾಕೆ?

ಡಿಸ್ಟ್ರಿಬ್ಯೂಟರಿನೊಳಗೆ ಎರಡು ತೂಕದ ತುಂಡು, ಎರಡು ಸಣ್ಣ ಸ್ಪ್ರಿಂಗ್ ಇವೆ. ವೇಗ ಏರಿದಂತೆ ತೂಕಗಳು ಹೊರಕ್ಕೆ ಎಸೆದುಕೊಂಡು ಟೈಮಿಂಗ್ ಮುಂದೆ ಹಾಕುತ್ತವೆ. ದಶಕಗಳಿಂದ ಜಗ್ಗಿದ ಸ್ಪ್ರಿಂಗ್ ಬೇಗ ಸಡಿಲುಗೊಟ್ಟು 2000 ಆರ್‌ಪಿಎಂಗೇ ಬರಬಾರದಷ್ಟು ಅಡ್ವಾನ್ಸ್ ಬರುತ್ತದೆ. ಹೀಗಾಗಿ ಐಡಲಿಂಗ್‌ನ ಅಳತೆಗಿಂತ ಮೇಲಿನ ವೇಗದ ಅಳತೆ ಮುಖ್ಯ. ವ್ಯಾಕ್ಯೂಮ್ ಪೈಪ್ ಕಳಚಿ ಮುಚ್ಚಿ, ಎಂಜಿನ್ನನ್ನು 4000ದ ಹತ್ತಿರ ಏರಿಸಿ ಲೈಟ್ ಹಿಡಿಯಿರಿ. ಎಂಜಿಬಿಯ ಬಿ ಸರಣಿ ಎಂಜಿನ್‌ಗೆ ಒಟ್ಟು 30ರಿಂದ 34 ಡಿಗ್ರಿಯ ಒಳಗೆ ನಿಲ್ಲಬೇಕು. ಶಾಫ್ಟ್ ಅನ್ನು ಬೆರಳಲ್ಲಿ ಅಲ್ಲಾಡಿಸಿದಾಗ ಅಡ್ಡಡ್ಡ ಆಟ ಇದ್ದರೆ ಬುಷ್ ಸವೆದಿದೆ, ಲೈಟಿನಲ್ಲಿ ಗುರುತು ನಿಂತಲ್ಲಿ ನಿಲ್ಲದೆ ಕುಣಿಯುತ್ತದೆ. ಅದನ್ನು ಸರಿಮಾಡಿಸದೆ ಡಿಗ್ರಿ ಲೆಕ್ಕ ಹಾಕಿ ಪ್ರಯೋಜನವಿಲ್ಲ.

ಪುಲ್ಲಿಯ ಹೊರಬಳೆ ರಬ್ಬರಿನಿಂದ ಅಂಟಿಸಿದ್ದಾದರೆ ಆ ಬಳೆಯೇ ಜಾರಿ ಗುರುತು ಸುಳ್ಳು ಹೇಳಬಹುದು. ಪ್ಲಗ್ ತೂತಿನಿಂದ ಪಿಸ್ಟನ್ ತಡೆ ಇಟ್ಟು ನಿಜವಾದ ಟಿಡಿಸಿ ಒಮ್ಮೆ ಕಂಡುಕೊಳ್ಳಿ. 1967ಕ್ಕಿಂತ ಹಿಂದಿನ ಎಂಜಿಬಿ ಪಾಸಿಟಿವ್ ಅರ್ಥ್, ಲೈಟಿನ ಕ್ಲಿಪ್‌ಗಳನ್ನು ನೋಡಿ ಹಾಕಿ.

ವ್ಯಾಕ್ಯೂಮ್ ಪೈಪ್ ಕಿತ್ತುಹಾಕಿದರೆ ನಾಕಿಂಗ್ ನಿಲ್ಲುತ್ತದೆ ಎನ್ನುತ್ತಾರಲ್ಲ?

ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ವ್ಯಾಕ್ಯೂಮ್ ಇರುವುದೇ ಇಲ್ಲ, ಅದು ಕೆಲಸ ಮಾಡುವುದು ಹಗುರಾಗಿ ಓಡುವಾಗ. ಕಿತ್ತರೆ ಹೋಗುವುದು ಮೈಲೇಜ್. ಪೈಪ್ ಬಾಯಲ್ಲಿಟ್ಟು ಹೀರಿ, ಪಾಯಿಂಟಿನ ಪ್ಲೇಟ್ ಅಲುಗಿ ಅಲ್ಲೇ ನಿಂತರೆ ಡಯಾಫ್ರಂ ಚೆನ್ನಾಗಿದೆ.

ಕೊನೆಗೆ ನನ್ನ ಕಾರಿಗೆ ಎಷ್ಟು ಡಿಗ್ರಿ ಸರಿ ಎಂದು ತೀರ್ಮಾನಿಸುವುದು ಹೇಗೆ?

ರಸ್ತೆಯಲ್ಲಿ, ಕಿವಿಯಿಂದ. ಮಿಕ್ಸ್‌ಚರ್ ಸರಿಮಾಡಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಖಾಲಿ ಏರುದಾರಿಯಲ್ಲಿ ಟಾಪ್ ಗೇರಿನಲ್ಲಿ 50 ಕಿ.ಮೀ. ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ತಗಡಿನ ಡಬ್ಬಿಯಲ್ಲಿ ಸಣ್ಣ ಮೊಳೆ ಅಲ್ಲಾಡಿಸಿದಂಥ ಟಿಣಿಟಿಣಿ ಸದ್ದು ಬಂದರೆ ಕೂಡಲೇ ಕಾಲು ತೆಗೆದು, ಒಂದು ಡಿಗ್ರಿ ಹಿಂದೆ ಹಾಕಿ ಮತ್ತೆ ನೋಡಿ. ಸದ್ದು ಹೋದ ಮೇಲೆ ಇನ್ನೊಂದು ಡಿಗ್ರಿ ಹಿಂದೆ ಹಾಕಿ ಬಿಗಿ ಮಾಡಿ. ಬೇಸಿಗೆಗೆ ಆ ಒಂದು ಡಿಗ್ರಿ ಬೇಕಾಗುತ್ತದೆ. ಸದ್ದು ಹೋಗಬೇಕಾದರೆ ಕೈಪಿಡಿಗಿಂತ ನಾಲ್ಕು ಡಿಗ್ರಿಗೂ ಹೆಚ್ಚು ಹಿಂದೆ ಬರಬೇಕಾಯಿತೆಂದರೆ ಅಲ್ಲಿಗೆ ನಿಲ್ಲಿಸಿ. ಚೇಂಬರಿನಲ್ಲಿ ಇಂಗಾಲ ಕಟ್ಟಿರಬಹುದು, ಹೆಡ್ ಅತಿಯಾಗಿ ಉಜ್ಜಿರಬಹುದು, ಪ್ಲಗ್ ತೀರ ಬಿಸಿ ಜಾತಿಯದಿರಬಹುದು. ಇಲ್ಲವೇ ಆ ಎಂಜಿನ್‌ಗೆ ಮೇಲಿನ ಆಕ್ಟೇನೇ ಬೇಕು.

ಕೀ ತೆಗೆದ ಮೇಲೂ ಎಂಜಿನ್ ಗುಡುಗುಡು ಎಂದು ಓಡುತ್ತಲೇ ಇರುತ್ತದೆ. ಇದೂ ಟೈಮಿಂಗ್ ದೋಷವೇ?

ಎಂಜಿಬಿಗೆ ಇದು ಹಳೆಯ ಚಾಳಿ. ಕಿಡಿಯೇ ಇಲ್ಲದಾಗ ಟೈಮಿಂಗ್ ನೇರ ಕಾರಣವಾಗದು. ಒಳಗೆ ಕೆಂಪಗೆ ಕಾದ ಇಂಗಾಲ ಪೆಟ್ರೋಲನ್ನು ಹೊತ್ತಿಸುತ್ತಿರುತ್ತದೆ. ಆದರೆ ರಿಟಾರ್ಡ್ ಆದ ಎಂಜಿನ್‌ಗೆ ಐಡಲಿಂಗ್ ನಿಲ್ಲಿಸಲು ಥ್ರಾಟಲ್ ಹೆಚ್ಚು ತೆರೆದಿಟ್ಟಿರುತ್ತಾರೆ, ಅಲ್ಲಿಂದ ಗಾಳಿ-ಪೆಟ್ರೋಲು ಧಾರಾಳ ಸಿಗುತ್ತದೆ. ಟೈಮಿಂಗ್ ಸರಿಮಾಡಿ ಐಡಲಿಂಗ್ ಇಳಿಸಿ. ಅಲ್ಲಿಯವರೆಗೆ ಬ್ರೇಕ್ ಒತ್ತಿ, ಗೇರ್ ಹಾಕಿ, ಕೀ ತೆಗೆದು ಕ್ಲಚ್ ಬಿಡಿ.

ಆಕ್ಟೇನ್ ಬೂಸ್ಟರ್, ನುಸಿಗುಳಿಗೆ, ವಿಮಾನದ ಪೆಟ್ರೋಲು?

ಬೂಸ್ಟರ್ ಡಬ್ಬಿಯ ಮೇಲೆ '10 ಪಾಯಿಂಟ್ ಏರುತ್ತದೆ' ಎಂದಿದ್ದರೆ ಸಾಮಾನ್ಯವಾಗಿ ಏರುವುದು ಒಂದೇ ಆಕ್ಟೇನ್. ನುಸಿಗುಳಿಗೆ ಕರಗಿಸಿದರೆ ಜೆಟ್ಟು ಕಟ್ಟಿಕೊಳ್ಳುತ್ತದೆ, ಬೇಡ. ವಿಮಾನದ 100 ಎಲ್‌ಎಲ್‌ನಲ್ಲಿ ಇಂದಿಗೂ ಸೀಸವಿದೆ, ರಸ್ತೆಗೆ ತರಬಾರದು.

ಜಾಗ್ವಾರ್‌ಗೆ ಟೈಮಿಂಗ್ ಎಷ್ಟು ಕೊಟ್ಟರೂ ಕೂರುತ್ತಿಲ್ಲ ಎನ್ನುತ್ತಾರೆ ಮೆಕ್ಯಾನಿಕ್.

ಎಕ್ಸ್‌ಕೆ ಎಂಜಿನ್‌ನಲ್ಲಿ ಒಂದನೇ ಸಿಲಿಂಡರ್ ರೇಡಿಯೇಟರ್ ಕಡೆಯದಲ್ಲ, ಹಿಂದೆ ಗೇರ್‌ಬಾಕ್ಸ್ ಕಡೆಯದು. ಎಣಿಕೆ ಅಲ್ಲಿಂದ, ಫೈರಿಂಗ್ ಆರ್ಡರ್ 1-5-3-6-2-4. ಇದನ್ನು ಮೊದಲು ಹೇಳಿಬಿಡಿ.

ಊರಿನಲ್ಲಿ ಇಂಥ ಕಾರು ಗೊತ್ತಿರುವ ಮೆಕ್ಯಾನಿಕ್ ಸಿಗುವುದಿಲ್ಲ. ಏನು ಮಾಡಲಿ?

ಹಳೆಯ ಪೆಟ್ರೋಲ್ ಅಂಬಾಸಿಡರ್ ಬಿಚ್ಚಿ ಜೋಡಿಸಿದವರನ್ನು ಹುಡುಕಿ. ಅದರ 1489 ಸಿಸಿ ಎಂಜಿನ್ ಬಿಎಂಸಿಯ (ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್) ಬಿ ಸರಣಿಯದೇ. 1955ರ ಎಂಜಿಎ ಅದೇ 1489 ಸಿಸಿಯಲ್ಲಿ ಬಂತು, ಎಂಜಿಬಿಯದು ಅದೇ ಮನೆತನದ ದೊಡ್ಡ ಎಂಜಿನ್. ಫೈರಿಂಗ್ ಆರ್ಡರ್ 1-3-4-2, ಡಿಸ್ಟ್ರಿಬ್ಯೂಟರ್ ಲ್ಯೂಕಸ್ ಜಾತಿಯದು, ಟ್ಯಾಪೆಟ್ಟು ಪುಶ್‌ರಾಡು ಎಲ್ಲ ಅವರ ಕೈಗೆ ಪಳಗಿದ್ದು. ಒಂದೇ ಎಚ್ಚರ: ಅಂಬಾಸಿಡರ್‌ನ ಕಂಪ್ರೆಶನ್ ಕಡಿಮೆ, ಕಾರ್ಬುರೇಟರ್ ಒಂದೇ. ಅದರ ಡಿಗ್ರಿಯನ್ನು ನಿಮ್ಮ ಕಾರಿಗೆ ಕೂರಿಸಲು ಬಿಡಬೇಡಿ. ನಿಮ್ಮ ಎಂಜಿನ್ ನಂಬರು, ಅಳೆದ ರೇಶಿಯೊ, ಪಾಯಿಂಟ್ ಗ್ಯಾಪು, ನಿಂತಾಗಿನ ಡಿಗ್ರಿ, 4000 ಆರ್‌ಪಿಎಂನ ಡಿಗ್ರಿ, ಹಾಕುವ ಪೆಟ್ರೋಲು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಅಂಟಿಸಿ. ಇ20ಗೆ ಟ್ಯೂನ್ ಮಾಡಿದ್ದಾದರೆ ಅದನ್ನೂ ತಾರೀಖಿನೊಡನೆ ಬರೆಯಿರಿ.